ಐಸ್ ಹಿಡಿದ ಕೈ ನನ್ನದು

ಕ್ಷಮಿಸಿದರಂತೆ! ನಮ್ಮ ಕೊಡಿಗೇಹಳ್ಳಿಯ ವಾಲಿಬಾಲ್ ಕ್ಲಬ್ಬಿನವರು ಆ ಮುದುಕರನ್ನು ಕ್ಷಮಿಸಿದರಂತೆ. ಹೋದ ಭಾನುವಾರ ಮೈದಾನದಲ್ಲಿ ಶಾಮಿಯಾನ ಹಾಕಿ, ತೀರಿಹೋದ ಅವರ ಫೋಟೋಕ್ಕೆ ಹಾರ ಹಾಕಿ, ಕೋಚ್ ಮೈಕು ಹಿಡಿದು ಹೇಳಿದ ಮಾತಿದು: "ಪಾಪ, ಒಳ್ಳೇ ಮನುಷ್ಯ. ಅವರ ಐಸಿಂದ ಒಂದು ಹುಡುಗಿ ಕಾಲು ಹಾಳಾಯ್ತು, ಅದು ನಿಜ. ಆದ್ರೂ ನಾವ್ಯಾರೂ ಅದನ್ನ ಮನಸ್ಸಲ್ಲಿ ಇಟ್ಕೊಂಡಿಲ್ಲ." ಜನ ತಲೆದೂಗಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಹುಡುಗಿ ನನ್ನ ಮಗಳು. ಅವಳ ಕಾಲು ಹಾಳಾದದ್ದು ಅವರಿಂದಲ್ಲ ಎಂಬುದು ಆ ಶಾಮಿಯಾನದ ಕೆಳಗೆ ಇಬ್ಬರಿಗೆ ಗೊತ್ತಿತ್ತು. ಒಬ್ಬ ಮೈಕು ಹಿಡಿದಿದ್ದ. ಇನ್ನೊಬ್ಬಳು ಮೂರನೇ ಸಾಲಿನಲ್ಲಿ ಮಗಳ ಪಕ್ಕ ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಎದ್ದು ನಿಂತು ಅದು ಸುಳ್ಳು ಅನ್ನುವುದಕ್ಕೆ ಅವಳಿಗೇನು ಧಾಡಿಯಾಗಿತ್ತು? ನಾಲ್ಕು ವರ್ಷದಿಂದ ಏನು ಧಾಡಿಯಾಗಿತ್ತೋ ಅದೇ. ಆ ಎರಡನೆಯವಳು ನಾನು. ಕೋಚ್ ಮೇಲೆ ನನಗೆಷ್ಟು ಸಿಟ್ಟಿದೆಯೋ ಅದರ ಎರಡರಷ್ಟು ನನ್ನ ಮೇಲೇ ಇದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಅವರ ಹೆಸರು ಬೇಡ. ಮೈದಾನದ ಮಕ್ಕಳು ತಾತ ಅನ್ನುತ್ತಿದ್ದರು, ದೊಡ್ಡವರು ಎದುರಿಗೆ ಯಜಮಾನ್ರು, ಬೆನ್ನ ಹಿಂದೆ ದನದ ಕಾಂಪೌಂಡರ್. ಕೊಡಿಗೇಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದ ಮನೆತನ. ಹೆಬ್ಬಾಳದ ದನದ ಆಸ್ಪತ್ರೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಕೆಲಸ ಮಾಡಿ ನಿವೃತ್ತರಾದವರು. ಕುದುರೆಯ ಕಾಲು ಉಳುಕಿದರೆ, ಎತ್ತಿನ ಮಂಡಿ ಊದಿದರೆ, ಡಾಕ್ಟರು ಬರೆದುಕೊಟ್ಟಂತೆ ತಣ್ಣೀರಿನ ಪೈಪು ಹಿಡಿದು ನಿಲ್ಲುವುದು, ಪಟ್ಟಿ ಕಟ್ಟುವುದು, ಬಿಚ್ಚುವುದು ಅವರ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಲಿಲ್ಲ. ಸಂಜೆ ನಾಲ್ಕೂವರೆಗೆ ಸರಿಯಾಗಿ ಸೈಕಲ್ಲಿನ ಹಿಂದೆ ಒಂದು ಥರ್ಮಕೋಲ್ ಡಬ್ಬ ಕಟ್ಟಿಕೊಂಡು ಮೈದಾನಕ್ಕೆ ಬರುತ್ತಿದ್ದರು. ಡಬ್ಬದ ಮೇಲೆ ದನಗಳ ಕಾಲುಬಾಯಿ ಜ್ವರದ ಲಸಿಕೆ ಎಂಬ ಚೀಟಿ ಅರ್ಧ ಹರಿದು ಅಂಟಿಕೊಂಡಿತ್ತು. ಒಳಗೆ ಐಸು. ಮೈದಾನದ ಗೇಟಿನ ಜ್ಯೂಸ್ ಅಂಗಡಿಯ ಸಾಬರು ದಿನಾ ಒಂದು ಗಡ್ಡೆ ಐಸು ಒಡೆದು ಕೊಡುತ್ತಿದ್ದರು. "ಆವೋ ಡಾಕ್ಟರ್ ಸಾಬ್" ಎಂದು ಅವರು ಕರೆಯುತ್ತಿದ್ದದ್ದರಲ್ಲಿ ತಮಾಷೆ ಇರಲಿಲ್ಲ, ಅವರ ಸೊಂಟವನ್ನೂ ಈ ತಾತನೇ ನೋಡಿಕೊಂಡಿದ್ದರು.

ನನ್ನದು ಅದೇ ರಸ್ತೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ. ಮಿಷನ್ ಮುಂದೆ ಕೂತರೆ ಮೈದಾನದ ಅರ್ಧ ಕಾಣುತ್ತದೆ. ಅವರು ಮೊದಲು ನನ್ನ ಅಂಗಡಿಗೆ ಬಂದದ್ದು ಎರಡು ಹಳೇ ಪಂಚೆ ಹಿಡಿದುಕೊಂಡು, ಇದರಲ್ಲಿ ಒಂದು ಡಜನ್ ಚೀಲ ಹೊಲಿದುಕೊಡು ಎಂದು. ಎಷ್ಟು ದೊಡ್ಡದು ಅಂದರೆ ಅಂಗೈ ತೋರಿಸಿದರು. ಹೊಲಿದು ಕೊಟ್ಟೆ. ಹೊಲಿಗೆ ಒಳಗೆ ಬರಬೇಕು, ಮೈಗೆ ತಾಗಬಾರದು ಎಂದು ಹನ್ನೆರಡನ್ನೂ ಬಿಚ್ಚಿಸಿ ಮತ್ತೆ ಹೊಲಿಸಿದರು. ಇಂಥ ಪೀಡೆ ಗಿರಾಕಿಯನ್ನು ನಾನು ನೋಡಿರಲಿಲ್ಲ. ಫಿನಾಯಿಲ್ ವಾಸನೆ, ಖಾಕಿ ಷರಟು, ಬಾಯಿ ತುಂಬ ಎಲೆಅಡಿಕೆ, ಮೇಲೆ ಯಾರ ಮಾತನ್ನೂ ಪೂರ್ತಿ ಕೇಳದ ಸ್ವಭಾವ. ದೇವರಂಥ ಮನುಷ್ಯ ಎಂದು ನಾನೇನೂ ಹೇಳುತ್ತಿಲ್ಲ.

ಯಾರಾದರೂ ಬಿದ್ದರೆ ಓಡಿ ಹೋಗುತ್ತಿರಲಿಲ್ಲ. ನಡೆದೇ ಹೋಗುವರು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಮೊದಲು ಮುಟ್ಟುತ್ತಿದ್ದದ್ದು ಚೆನ್ನಾಗಿರುವ ಕಾಲನ್ನು, ಅದೂ ಕೈಯ ಹಿಂಭಾಗದಿಂದ. ಆಮೇಲೆ ಏಟು ಬಿದ್ದ ಕಾಲನ್ನು. ಯಾಕೆ ಅಂತ ಒಮ್ಮೆ ಕೇಳಿದ್ದಕ್ಕೆ, ಎರಡಕ್ಕೂ ಎಷ್ಟು ಬಿಸಿ ವ್ಯತ್ಯಾಸ ಅಂತ ತಿಳಿಯದೆ ಏನು ಮಣ್ಣು ಗೊತ್ತಾಗುತ್ತೆ ಎಂದು ನನ್ನನ್ನೇ ಬೈದರು. ಆಮೇಲೆ ನಾಲ್ಕು ಹೆಜ್ಜೆ ನಡೆ ಅನ್ನುವರು. ಹಿಂದಿನಿಂದ ನೋಡುವರು. ನಾಲ್ಕು ಹೆಜ್ಜೆ ಊರಲಾಗದಿದ್ದರೆ ಐಸಿನ ಡಬ್ಬ ಮುಚ್ಚಿ, ಮೊದಲು ಎಕ್ಸ್‌ರೇ ತೆಗೆಸಿಕೊಂಡು ಬಾ ಎಂದು ಕಳಿಸಿಬಿಡುವರು. ತಮಗೆ ತಿಳಿಯದ್ದು ಎಲ್ಲಿಂದ ಶುರುವಾಗುತ್ತದೆ ಎಂಬುದು ಅವರಿಗೆ ತಿಳಿದಿತ್ತು.

ನಡೆಯಲಾದರೆ ಕಾಲನ್ನು ಎತ್ತರಕ್ಕೆ ಇಡಿಸಿ, ಚೀಲವನ್ನು ನೀರಲ್ಲಿ ಅದ್ದಿ ಹಿಂಡಿ, ಒಳಗೆ ಪುಡಿ ಐಸು ತುಂಬಿ ಇಡುತ್ತಿದ್ದರು. ಹದಿನೈದು ನಿಮಿಷ. ಎಡಗೈಯ ಗಡಿಯಾರದಿಂದ ಕಣ್ಣು ತೆಗೆಯುತ್ತಿರಲಿಲ್ಲ. ಆ ಹದಿನೈದು ನಿಮಿಷದಲ್ಲಿ ಮುಖ್ಯಮಂತ್ರಿ ಬಂದು ಮಾತಾಡಿಸಿದರೂ ಉತ್ತರ ಸಿಗುತ್ತಿರಲಿಲ್ಲ. ಆಮೇಲೆ ಎತ್ತಿಬಿಡುವರು. ಎರಡು ಮೂರು ಗಂಟೆ ಬಿಟ್ಟು ಮನೆಯಲ್ಲಿ ಇನ್ನೊಮ್ಮೆ, ಹೀಗೆ ಎರಡು ದಿನ, ಹೆಚ್ಚೆಂದರೆ ಮೂರು. ಆಮೇಲೂ ಯಾರಾದರೂ ಐಸು ಕೇಳಿದರೆ, ಊತ ಬಂದಿರೋದು ರಿಪೇರಿ ಮಾಡಕ್ಕೆ, ಅದನ್ನೂ ಕೆಲಸ ಮಾಡಕ್ಕೆ ಬಿಡು ಎಂದು ಗದರುತ್ತಿದ್ದರು.

ಒಬ್ಬ ಹುಡುಗ ಮೊಬೈಲ್ ನೋಡುತ್ತಾ ಬರೀ ಐಸನ್ನು ಒಂದು ಗಂಟೆ ಮಂಡಿಯ ಮೇಲಿಟ್ಟುಕೊಂಡು ಚರ್ಮ ಸುಟ್ಟುಕೊಂಡು ಬಂದಿದ್ದ. ಕೆಂಡ ಹಿಡಿದರೂ ಸುಡುತ್ತೆ, ಐಸು ಹಿಡಿದರೂ ಸುಡುತ್ತೆ ಎಂದು ಅವನನ್ನು ನಂಬಿಸುವುದರಲ್ಲಿ ತಾತನಿಗೆ ಸಾಕುಸಾಕಾಯಿತು. ಮತ್ತೊಮ್ಮೆ ಆಗತಾನೇ ಉಳುಕಿದ ಕಾಲಿಗೆ ತಾಯೊಬ್ಬಳು ಹರಳೆಣ್ಣೆ ಬಿಸಿ ಮಾಡಿ ತಂದು ತಿಕ್ಕಲು ಕೂತಾಗ, ಬಟ್ಟಲನ್ನು ಕೈಯಿಂದ ಕಿತ್ತುಕೊಂಡು ದೂರ ಇಟ್ಟರು. ಅದೂ ಬೇಕು, ಆದರೆ ವಾರ ಕಳೀಲಿ ಎಂದರು. ಕೆಂಪಾಪುರದ ಅಪಾರ್ಟ್‌ಮೆಂಟಿನ ಒಬ್ಬಾಕೆ, ನೀವೇನು ಓದಿದ್ದೀರಿ ಎಂದು ನೇರವಾಗಿ ಕೇಳಿಯೇಬಿಟ್ಟಳು. ತಮ್ಮ ಪೇಶಂಟುಗಳು ಇದುವರೆಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ ಎಂದು ಇವರು ತಣ್ಣಗೆ ಉತ್ತರ ಕೊಟ್ಟರು. ನಾನು ಕತ್ತರಿ ಕೆಳಗಿಟ್ಟು ನಕ್ಕಿದ್ದೆ.

ಕೋಚಿಗೂ ಇವರಿಗೂ ಮೊದಲಿನಿಂದ ಆಗುತ್ತಿರಲಿಲ್ಲ. ಕೋಚಿನ ಬ್ಯಾಗಿನಲ್ಲಿ ತಣ್ಣನೆ ಸ್ಪ್ರೇ ಇರುತ್ತಿತ್ತು. ಯಾರಾದರೂ ಬಿದ್ದರೆ ಬುಸ್ಸಂತ ಹೊಡೆದು, ಏಳು, ಆಡು ಎನ್ನುತ್ತಿದ್ದ. ತಾತ ಒಂದು ಸಲ ಎಲ್ಲರ ಎದುರಿಗೇ, ಆಟ ನಿಲ್ಲಿಸಿದ ಮೇಲೆ ಇಡುವುದು ಔಷಧಿ, ಆಡಿಸುವುದಕ್ಕೆ ಅಂತ ಇಡುವುದು ಮೋಸ ಎಂದುಬಿಟ್ಟರು. ಕೋಚಿನ ಮುಖ ಕಪ್ಪಿಟ್ಟಿತು. ಅವನದನ್ನು ಮರೆಯಲಿಲ್ಲ.

ಈಗ ಆ ಗುರುವಾರದ ಮಾತು. ನನ್ನ ಮಗಳು ಆಗ ಪಿಯುಸಿ ಮೊದಲ ವರ್ಷ. ನೆಟ್ಟಿನ ಹತ್ತಿರ ಎಗರಿ ಹೊಡೆದು ಇಳಿಯುವಾಗ ಎದುರಿನವಳ ಪಾದದ ಮೇಲೆ ಇಳಿದಳು. ಕಾಲು ತಿರುಚಿತು. ಭಾನುವಾರ ಯಲಹಂಕದಲ್ಲಿ ರಾಜ್ಯದ ಜೂನಿಯರ್ ತಂಡಕ್ಕೆ ಆಯ್ಕೆ ಇತ್ತು. ಅದಕ್ಕಾಗಿ ಅವಳು ಎರಡು ವರ್ಷ ಬೆಳಗ್ಗೆ ಐದಕ್ಕೆ ಎದ್ದಿದ್ದಳು, ಅವಳ ಜೊತೆ ನಾನೂ ಎದ್ದಿದ್ದೆ. ತಾತ ನೋಡಿದರು, ಕೈಯ ಹಿಂಭಾಗ ಇಟ್ಟರು, ನಾಲ್ಕು ಹೆಜ್ಜೆ ನಡೆಸಿದರು, ಐಸು ಇಟ್ಟರು. ಅವಳನ್ನು ಜ್ಯೂಸ್ ಅಂಗಡಿಯ ಬೆಂಚಿನ ಮೇಲೆ ಕಾಲು ನೀಡಿಸಿ ಕೂರಿಸಿ, ತಾವು ನನ್ನ ಅಂಗಡಿಗೆ ಬಂದರು.

"ಮೂರು ವಾರ ಎಗರಂಗಿಲ್ಲ ಕಣಮ್ಮ. ಭಾನುವಾರ ಬ್ಯಾಡ. ಕೀಲಿನ ನಾರು ಅರ್ಧ ಕಿತ್ತೈತೆ ಅನ್ಸುತ್ತೆ."

ಐಸು ಇಟ್ಟರೆ ಇಳಿಯುತ್ತಲ್ಲ ಎಂದೆ. ನೋವು ಇಳಿಯುತ್ತೆ, ಏಟು ಹಾಗೇ ಇರುತ್ತೆ ಎಂದರು. ನಾನು ಒಪ್ಪಲಿಲ್ಲ. ಆಗ ಒಂದು ಕುದುರೆಯ ಕತೆ ಹೇಳಿದರು. ಮದುವೆ ಮೆರವಣಿಗೆಯ ಕುದುರೆ, ಮುಂಗಾಲು ಉಳುಕಿತ್ತು. ಹತ್ತು ದಿನ ನಿಲ್ಲಿಸಿ ಅಂತ ಡಾಕ್ಟರು ಹೇಳಿದ್ದರು. ಯಜಮಾನ ಹೊರಗೆಲ್ಲೋ ನೋವಿನ ಸೂಜಿ ಹಾಕಿಸಿ, ಕಾಲಿಗೆ ಐಸು ಸುತ್ತಿಸಿ ಅವತ್ತೇ ಮೆರವಣಿಗೆಗೆ ಒಯ್ದ. ಬ್ಯಾಂಡಿಗೆ ಕುದುರೆ ಚೆನ್ನಾಗಿಯೇ ಕುಣಿಯಿತು. ಮಾರನೇ ದಿನದಿಂದ ಅದು ಆ ಕಾಲನ್ನು ನೆಲಕ್ಕೆ ಊರಲಿಲ್ಲ. "ನೋವು ಅಂದ್ರೆ ಕಾಲು ಮಾತಾಡೋದು. ಬಾಯಿ ಮುಚ್ಚಿಸ್ಬಿಟ್ರೆ ಅದೇನು ಮಾಡ್ತದೆ ಏಳು?" ಎಂದು ಕೇಳಿದರು.

ನನಗೆ ಸಿಟ್ಟು ಬಂತು. ನನ್ನ ಮಗಳನ್ನು ಕುದುರೆಗೆ ಹೋಲಿಸುತ್ತಾರೆ, ದನ ಕಾಯ್ದವರಿಗೆ ಆಯ್ಕೆ ಅಂದರೇನು, ಹೆಣ್ಣುಮಗುವಿನ ಭವಿಷ್ಯ ಅಂದರೇನು ಗೊತ್ತು ಎಂದುಕೊಂಡೆ. ಇಷ್ಟನ್ನೂ ಬಾಯಲ್ಲಿ ಹೇಳಲಿಲ್ಲ, ಮುಖದಲ್ಲಿ ತೋರಿಸಿದೆ. ಅವರು ಎದ್ದು ಹೋದರು. ಮಗಳು ಕುಂಟುತ್ತ ಬಂದು, ತಾತ ಏನಂದರು ಎಂದು ಕೇಳಿದಳು. ಐಸು ಇಟ್ಟರೆ ಸರಿಹೋಗುತ್ತಂತೆ ಎಂದೆ.

ಶನಿವಾರ ಕೋಚ್ ಫೋನ್ ಮಾಡಿದ. ಆಟಕ್ಕೆ ಸ್ವಲ್ಪ ಮುಂಚೆ ಚೆನ್ನಾಗಿ ಐಸು ಹಿಡೀರಿ, ನಾನು ಬಿಗಿಯಾಗಿ ಟೇಪು ಸುತ್ತುತ್ತೇನೆ, ಆಡುತ್ತಾಳೆ, ಈ ಚಾನ್ಸು ಬಿಟ್ಟರೆ ಮತ್ತೆ ಬರಲ್ಲ ಎಂದ. ಮಗಳಿಗೆ ಅನುಮಾನವಿತ್ತು. ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಮಂಚದ ಮೇಲೆ ಕೂತು ಕಾಲನ್ನು ಅತ್ತ ಇತ್ತ ತಿರುಗಿಸಿ ನೋಡಿ, "ಅಮ್ಮಾ, ಆಡಬಹುದು ಅಂತ ತಾತ ಒಪ್ಪಿದಾರಾ?" ಎಂದು ಕೇಳಿದಳು.

ನಾನು ಹೂಂ ಎಂದೆ.

ಹದಿನಾರು ವರ್ಷದ ಹುಡುಗಿಗೆ ಅವರ ಮೇಲೆ ಅಷ್ಟು ನಂಬಿಕೆ ಇತ್ತು, ಆ ನಂಬಿಕೆಯನ್ನು ನಾನು ಸುಳ್ಳಿಗೆ ಬಳಸಿಕೊಂಡೆ. ಭಾನುವಾರ ಯಲಹಂಕದ ಮೈದಾನದ ಪಕ್ಕ, ನಾನೇ ಹೊಲಿದ ಚೀಲದಲ್ಲಿ ಐಸು ತುಂಬಿ ಇಪ್ಪತ್ತು ನಿಮಿಷ ಹಿಡಿದೆ. ಸಾಲದೇನೋ ಅನ್ನಿಸಿ ಇನ್ನೂ ಹತ್ತು ನಿಮಿಷ ಹಿಡಿದೆ. ಕಾಲೇ ಇಲ್ಲ ಅನ್ನಿಸ್ತಿದೆ, ನೋವೇ ಇಲ್ಲ ಅಂತ ಅವಳು ನಕ್ಕಳು. ನಾನೂ ನಕ್ಕೆ. ಮೊದಲ ಸೆಟ್ ಆಡಿದಳು, ಚೆನ್ನಾಗಿಯೇ ಆಡಿದಳು. ಎರಡನೆಯದರಲ್ಲಿ ಎಗರಿ ಇಳಿದಾಗ ಮರಗಟ್ಟಿದ ಕಾಲು ಎಲ್ಲಿ ಇಳಿಯಿತೆಂದು ಅವಳಿಗೇ ತಿಳಿಯಲಿಲ್ಲ. ಅರ್ಧ ಕಿತ್ತಿದ್ದ ನಾರು ಪೂರ್ತಿ ಕಿತ್ತುಬಂತು. ಆ ಶಬ್ದ ನಾನು ಕೂತಲ್ಲಿಗೆ ಕೇಳಿಸಿತು.

ಆಸ್ಪತ್ರೆಯಲ್ಲಿ ಅಳುತ್ತಾ ಮಗಳು ಹೇಳಿದ್ದು ಒಂದೇ: ತಾತನೇ ಆಡು ಅಂದಿದ್ದರು. ಕೋಚ್ ಪಕ್ಕದಲ್ಲೇ ಇದ್ದ. ಫೋನ್ ಮಾಡಿದವನು ತಾನು ಎಂಬುದು ಅವನಿಗೆ ಮರೆತಿರಲಿಲ್ಲ. ಒಂದು ಸಲ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಅವನಿಗೆ ಅಷ್ಟು ಸಾಕಾಯಿತು. ಸಂಜೆಯೊಳಗೆ ಕೊಡಿಗೇಹಳ್ಳಿಯಿಂದ ಕೆಂಪಾಪುರದವರೆಗೆ ಸುದ್ದಿ ಹಬ್ಬಿತ್ತು, ದನದ ಕಾಂಪೌಂಡರ್ ಐಸು ಇಟ್ಟು ಹುಡುಗಿಯ ಕಾಲು ತೆಗೆದ ಅಂತ. ಮೈದಾನದೊಳಗೆ ಕಾಲಿಡಬಾರದು ಎಂದು ಕ್ಲಬ್ಬಿನವರು ಅವರಿಗೆ ಹೇಳಿಕಳಿಸಿದರು. ಎಷ್ಟೋ ಮಕ್ಕಳ ಕಾಲು ಉಳಿಸಿದವರನ್ನು ಒಂದು ಮಾತೂ ಕೇಳದೆ ಹೊರಗೆ ಹಾಕಿದರು. ಕೇಳಿದ್ದರೆ ನಾನು ಉತ್ತರ ಕೊಡಬೇಕಾಗುತ್ತಿತ್ತು, ಹಾಗಾಗಿ ಕೇಳದೆ ಇದ್ದದ್ದು ನನಗೂ ಅನುಕೂಲವೇ ಆಯಿತು. ಥೂ!

ಮಾರನೇ ದಿನ ಬೆಳಗ್ಗೆ ಅವರು ಅಂಗಡಿಯ ಮೆಟ್ಟಿಲು ಹತ್ತಿದಾಗ ನಾನು ಮಿಷನ್ ನಿಲ್ಲಿಸಿದೆ. ಬೈಯುತ್ತಾರೆ, ಬೀದಿಯಲ್ಲಿ ನಿಂತು ಕೂಗುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು, ಊತ ಎಲ್ಲಿವರೆಗೆ ಬಂದಿದೆ, ಬೆರಳು ಆಡಿಸುತ್ತಾಳಾ ಎಂದು.

ಪ್ಲಾಸ್ಟರ್ ತೆಗೆದ ದಿನದಿಂದ ಅವರು ನಮ್ಮ ಮನೆಗೆ ಬರತೊಡಗಿದರು. ಕಡೇ ಪಕ್ಷ ಎರಡೂವರೆ ತಿಂಗಳು, ವಾರಕ್ಕೆ ನಾಲ್ಕು ದಿನ, ಎರಡು ಮಹಡಿ ಹತ್ತಿ. ಡಾಕ್ಟರು ಬರೆದುಕೊಟ್ಟ ವ್ಯಾಯಾಮಗಳ ಕಾಗದವನ್ನು ಎದುರಿಗಿಟ್ಟುಕೊಂಡು ಒಂದೊಂದನ್ನೂ ಮಾಡಿಸುವರು. ಟವೆಲ್ಲನ್ನು ಕಾಲ್ಬೆರಳಿಂದ ಎಳೆಯುವುದು, ಒಂಟಿಕಾಲಲ್ಲಿ ನಿಲ್ಲುವುದು, ಹಿಮ್ಮಡಿ ಎತ್ತುವುದು. ಎಲ್ಲ ಮುಗಿದ ಮೇಲೆ ಊತ ಎದ್ದಿದ್ದರೆ ಮಾತ್ರ ಹತ್ತು ನಿಮಿಷ ಐಸು. ವ್ಯಾಯಾಮಕ್ಕೆ ಮುಂಚೆ ಅಪ್ಪಿತಪ್ಪಿಯೂ ಇಲ್ಲ.

ನನ್ನ ಮಗಳು ಅವರ ಜೊತೆ ಒಂದು ಮಾತೂ ಆಡುತ್ತಿರಲಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗೋಡೆಯ ಕಡೆ ಮುಖ ಮಾಡಿ, ಕಾಲನ್ನು ಮಾತ್ರ ಇತ್ತ ಚಾಚುತ್ತಿದ್ದಳು. ಪ್ರತಿಸಲವೂ ಅವರು "ಮುಟ್ಲಾ ಅಮ್ಮಣ್ಣಿ?" ಎಂದು ಕೇಳಿ, ಅವಳು ತಲೆಯಾಡಿಸುವವರೆಗೆ ಕಾಯುತ್ತಿದ್ದರು. ಕುದುರೆಗಳ ಹತ್ತಿರವೂ ಹೀಗೇ ಕಾಯುತ್ತಿದ್ದರೇನೋ. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಿದ್ದೆ, ನೋಡಿಯೂ ಕಾಫಿ ಸೋಸುತ್ತಿದ್ದೆ.

ಒಂದು ದಿನ ತಡೆಯಲಾಗದೆ ಮೆಟ್ಟಿಲ ಮೇಲೆ ಅವರನ್ನು ನಿಲ್ಲಿಸಿ, ಇವತ್ತು ಅವಳಿಗೆ ಹೇಳಿಬಿಡುತ್ತೇನೆ ಎಂದೆ. ಅವರು ಕಂಬಿ ಹಿಡಿದು ಉಸಿರು ತೆಗೆದುಕೊಂಡರು.

"ಈಗ್ಲೇ ಬ್ಯಾಡ. ನಿನ್ ಮ್ಯಾಲೆ ಸಿಟ್ಟಾದ್ರೆ ಊಟ ಬಿಡ್ತಾಳೆ, ಈ ಕಸರತ್ತೂ ಬಿಡ್ತಾಳೆ. ನನ್ ಮ್ಯಾಲೆ ಸಿಟ್ಟಿದ್ರೆ ಇರ್ಲಿ, ಕಾಲಿಗೆ ಅದು ಗೊತ್ತಾಗಕಿಲ್ಲ. ವಾಸಿ ಆಗ್ಲಿ, ಆಮ್ಯಾಕೆ ಏಳು."

ವಾಸಿಯಾಯಿತು. ಐದು ತಿಂಗಳಿಗೆ ಓಡಿದಳು, ಎಂಟಕ್ಕೆ ಎಗರಿದಳು. ಆಯ್ಕೆಯ ಬಾಗಿಲು ಮತ್ತೆ ತೆರೆಯಲಿಲ್ಲ, ಆದರೆ ಕಾಲೇಜು ತಂಡದಲ್ಲಿ ಇವತ್ತಿಗೂ ಆಡುತ್ತಾಳೆ. ಆಮ್ಯಾಕೆ ಹೇಳು ಎಂದರಲ್ಲ, ಆ ಆಮ್ಯಾಕೆ ನನಗೆ ಬರಲೇ ಇಲ್ಲ. ಪರೀಕ್ಷೆ ಮುಗಿಯಲಿ, ಹಬ್ಬ ಕಳೆಯಲಿ, ಅವಳ ಮನಸ್ಸು ಸರಿ ಇರುವಾಗ ನೋಡೋಣ ಎಂದು ನಾಲ್ಕು ವರ್ಷ ದೂಡಿದೆ. ಅಷ್ಟು ಕಾಲವೂ ಅವರು ಕಾಂಪೌಂಡಿನ ಹೊರಗೆ, ಮೋರಿಯ ಕಲ್ಲಿನ ಮೇಲೆ, ಅದೇ ಡಬ್ಬ ಪಕ್ಕದಲ್ಲಿಟ್ಟುಕೊಂಡು ಕೂರುತ್ತಿದ್ದರು. ಏಟು ಬಿದ್ದ ಮಕ್ಕಳು ಕೋಚಿನ ಕಣ್ಣು ತಪ್ಪಿಸಿ, ಗೋಡೆ ಒಡೆದಿದ್ದ ಕಡೆಯಿಂದ ನುಸುಳಿ ಅವರ ಹತ್ತಿರ ಬರುತ್ತಿದ್ದರು. ಇದೆಲ್ಲ ನನ್ನ ಮಿಷನ್ನಿನಿಂದ ಕಾಣುತ್ತಿತ್ತು. ಅವರು ದಾಟಿ ಹೋಗುವಾಗ ಕೈ ಎತ್ತುವರು, ನಾನೂ ಎತ್ತುತ್ತಿದ್ದೆ. ಒಂದು ಸಲವೂ ಹೇಳಿದೆಯಾ ಎಂದು ಕೇಳಲಿಲ್ಲ. ಇದಕ್ಕಾಗಿ ಅವರ ಮೇಲೂ ನನಗೆ ಸಿಟ್ಟಿದೆ. ಒಂದು ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದೆ ಅನ್ನಿಸುತ್ತದೆ. ಅದೂ ಸುಳ್ಳಿರಬಹುದು.

ಮೊನ್ನೆ ಭಾನುವಾರ ಶಾಮಿಯಾನದಿಂದ ಮನೆಗೆ ಬರುವಾಗ ಮಗಳು, ಕೋಚ್ ದೊಡ್ಡ ಮನಸ್ಸು ಮಾಡಿದರು ಅಲ್ಲವಾ ಅಮ್ಮಾ ಎಂದಳು. ರಸ್ತೆಯಲ್ಲೇ ನಿಂತುಬಿಟ್ಟೆ. ಏರ್‌ಪೋರ್ಟ್ ರಸ್ತೆಯ ಸರ್ವೀಸ್ ರೋಡಿನಲ್ಲಿ, ಬಸ್ಸುಗಳ ಸದ್ದಿನಲ್ಲಿ, ಗುರುವಾರದಿಂದ ಭಾನುವಾರದವರೆಗಿನ ಎಲ್ಲವನ್ನೂ ಹೇಳಿದೆ. ಬಸ್ಸಿನ ಸದ್ದಿಗೆ ಒಂದೆರಡು ಮಾತು ಎರಡೆರಡು ಸಲ ಹೇಳಬೇಕಾಯಿತು.

ಅವಳು ಅಳಲಿಲ್ಲ, ಕೂಗಲಿಲ್ಲ. "ತಾತನ ಮನೇವ್ರಿಗೆ ಇದು ಗೊತ್ತಾ?" ಎಂದಳು. ನನಗೆ ತಿಳಿಯದು ಎಂದೆ. ನಡಿ ಎಂದಳು. ನನ್ನ ಕೈ ಹಿಡಿಯಲಿಲ್ಲ, ಮುಂದೆ ಮುಂದೆ ನಡೆದಳು.

ಅವರ ಮನೆ ನಮ್ಮ ಅಂಗಡಿಯಿಂದ ಎರಡು ಬೀದಿ ಆಚೆ. ಅವರ ಹೆಂಡತಿ ಜಗುಲಿಯ ಮೇಲೆ ಒಬ್ಬರೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮಗಳನ್ನು ಕಂಡು, ಬಾ ಅಮ್ಮಣ್ಣಿ, ಕಾಲು ಹೆಂಗಿದೆ ಎಂದು ವಿಚಾರಿಸಿದರು. ನಾನು ನಿಂತೇ ಹೇಳಿದೆ. ಬೇಡ ಎಂದವರು ಅವರು, ಹೂಂ ಎಂದವಳು ನಾನು, ಐಸು ಹಿಡಿದವಳು ನಾನು ಎಂದು ಹೇಳಿದೆ. ಆಕೆಯ ಕೈ ನಿಂತಿತು. ಮಗಳು ಅವರ ಪಕ್ಕ ನೆಲದ ಮೇಲೆ ಕೂತಳು.

"ನಂಗೊತ್ತಿರ್ಲಿಲ್ಲ ಕಣಮ್ಮ" ಎಂದರು ಆಕೆ. "ನಾನೂ ಬೈತಿದ್ದೆ. ಸುಮ್ನಿರದ್ ಬಿಟ್ಟು ಯಾರ್ದೋ ಮಗೀನ ಕಾಲು ಆಳ್ ಮಾಡಿದ್ಯಲ್ಲ ಅಂತ. ಆಸ್ಪತ್ರೆನಾಗೆ ಮಲಗಿದ್ದಾಗ್ಲೂ ಅಂದೆ. ಸುಮ್ಕೆ ಕೇಳಿಸ್ಕೊಂಡ್ರು."

ಆಕೆ ಮೊರವನ್ನು ಪಕ್ಕಕ್ಕೆ ಸರಿಸಿ ನನ್ನನ್ನೇ ನೋಡಿದರು.

"ಅವ್ರು ನಂಗೆ ಏಳ್ಲಿಲ್ಲ, ಸರಿ. ಅವ್ರು ಇರೋದೇ ಅಂಗೆ. ನೀವು ಎಲ್ಡೇ ಬೀದಿ ಆಚೆ ಇದ್ರಲ್ಲಮ್ಮ."